ಮುಖವಾಡ ತೊಟ್ಟು ಓಡುವವರಿಗೊಂದು ಬಹುಮಾನ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ ಎಂಟು ಪಂದ್ಯಗಳಲ್ಲಿ 25 ಗೋಲು ಹೊಡೆದು 23 ಗೋಲು ಬಿಟ್ಟುಕೊಟ್ಟಿತ್ತು. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಅಷ್ಟೇ ಪಂದ್ಯಗಳಲ್ಲಿ ಹೊಡೆದದ್ದು 15, ಬಿಟ್ಟುಕೊಟ್ಟದ್ದು 12. ಎರಡು ಸಲವೂ ಕೈಗೆ ಬಂದದ್ದು ಕಂಚು. ಹತ್ತು ಗೋಲು ಕಡಿಮೆ ಹೊಡೆದ ತಂಡ ಅದೇ ಮೆಟ್ಟಿಲ ಮೇಲೆ ಬಂದು ನಿಂತಿತೆಂದರೆ, ಆ ಹತ್ತರ ಕೊರತೆಯನ್ನು ಮೈದಾನದ ಇನ್ನೊಂದು ತುದಿಯಲ್ಲಿ ಯಾರೋ ತುಂಬಿಕೊಟ್ಟಿರಬೇಕು. 2024ರ ಹಾಕಿ ವರ್ಷಕ್ಕೆ ಅಭಿಮಾನಿಯೊಬ್ಬ ತನ್ನದೇ ಪ್ರಶಸ್ತಿಗಳ ಪಟ್ಟಿ ಬರೆಯಲು ಕೂತರೆ ಮೊದಲು ಕೇಳಿಕೊಳ್ಳಬೇಕಾದದ್ದು ಈ ತುಂಬಿಕೊಟ್ಟವರು ಯಾರು ಎಂದು. ನನ್ನ ಪಟ್ಟಿಯಲ್ಲಿ ವರ್ಷದ ಆಟಗಾರನ ಸ್ಥಾನಕ್ಕೆ ನಾಯಕ ಹರ್ಮನ್‌ಪ್ರೀತ್ ಸಿಂಗ್ ಹೆಸರಿಲ್ಲ, ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಹೆಸರೂ ಇಲ್ಲ. ಅಲ್ಲಿರುವುದು ಡಿಫೆಂಡರ್ ಅಮಿತ್ ರೋಹಿದಾಸ್. ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ರೆಡ್ ಕಾರ್ಡ್ ಪಡೆದು ಹೊರನಡೆದ, ಸೆಮಿಫೈನಲ್‌ನಲ್ಲಿ ಆಡಲೇ ಇಲ್ಲದ ಆಟಗಾರ. ಇದು ಹಟಕ್ಕೆ ಬರೆದ ಹೆಸರೆಂದು ತೋರಬಹುದು. ಅಲ್ಲ ಎನ್ನುವುದಕ್ಕೆ ಕಾರಣಗಳನ್ನು ಕೊಡುತ್ತೇನೆ.

ಅಧಿಕೃತ ಪ್ರಶಸ್ತಿಗಳ ಲೆಕ್ಕ ಮೊದಲು ಮುಗಿಸೋಣ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ 2024ರ ಶ್ರೇಷ್ಠ ಆಟಗಾರ ಎಂದು ಹರ್ಮನ್‌ಪ್ರೀತ್ ಅವರನ್ನು ಆರಿಸಿತು. 2021 ಮತ್ತು 2022ರ ನಂತರ ಅವರಿಗೆ ಇದು ಮೂರನೆಯದು. ಶ್ರೇಷ್ಠ ಗೋಲ್‌ಕೀಪರ್ ಗೌರವ ಶ್ರೀಜೇಶ್ ಅವರಿಗೆ ಹೋಯಿತು. ಕೇಂದ್ರ ಸರ್ಕಾರದ ಖೇಲ್‌ರತ್ನವೂ ಹರ್ಮನ್‌ಪ್ರೀತ್ ಪಾಲಾಯಿತು. ಹಾಕಿ ಇಂಡಿಯಾ ತನ್ನ ವಾರ್ಷಿಕ ಸಮಾರಂಭದಲ್ಲಿ ಬಲ್ಬೀರ್ ಸಿಂಗ್ ಸೀನಿಯರ್ ಹೆಸರಿನ ವರ್ಷದ ಆಟಗಾರ ಪ್ರಶಸ್ತಿಯನ್ನು ಅವರಿಗೇ ಕೊಟ್ಟಿತು. ಮಿಡ್‌ಫೀಲ್ಡರ್ ಪ್ರಶಸ್ತಿ ಹಾರ್ದಿಕ್ ಸಿಂಗ್‌ಗೆ, ಫಾರ್ವರ್ಡ್ ಪ್ರಶಸ್ತಿ ಅಭಿಷೇಕ್‌ಗೆ, ಪರ್ಗಟ್ ಸಿಂಗ್ ಹೆಸರಿನ ಡಿಫೆಂಡರ್ ಪ್ರಶಸ್ತಿ ರೋಹಿದಾಸ್‌ಗೆ ಸಂದವು. ಹಾಗಾಗಿ ರೋಹಿದಾಸ್ ಯಾರ ಕಣ್ಣಿಗೂ ಬೀಳದ ಅನಾಥ ಎಂದು ನಾನು ವಾದಿಸಲಾರೆ. ಬಲ್ಲವರು ಅವರನ್ನು ಗುರುತಿಸಿದ್ದಾರೆ. ನನ್ನ ತಕರಾರು ಇರುವುದು ಮೇಲು–ಕೆಳಗಿನ ಅನುಕ್ರಮದ ಬಗ್ಗೆ. ಗೋಲು ಹೊಡೆದವರಿಗೆ ವರ್ಷದ ಪ್ರಶಸ್ತಿ, ಗೋಲು ತಪ್ಪಿಸಿದವರಿಗೆ ಅವರ ವಿಭಾಗದ ಪ್ರಶಸ್ತಿ ಎಂಬ ಪಂಕ್ತಿಭೇದ ಹಾಕಿಯಲ್ಲಿ ಬಹಳ ಕಾಲದಿಂದ ಇದೆ. ಪ್ಯಾರಿಸ್ ತಂಡದಂಥ ತಂಡಕ್ಕೆ ಅದು ಹೊಂದುವುದಿಲ್ಲ.

ಈ ಭೇದಕ್ಕೆ ಒಂದು ಕಾರಣ ಅಂಕಪಟ್ಟಿಯಲ್ಲೇ ಇದೆ. ಅಂತರರಾಷ್ಟ್ರೀಯ ಹಾಕಿ ಪಂದ್ಯದ ಅಧಿಕೃತ ಹಾಳೆಯಲ್ಲಿ ಗೋಲು ಹೊಡೆದವರ ಹೆಸರು, ನಿಮಿಷ, ಅದು ಫೀಲ್ಡ್ ಗೋಲೋ ಪೆನಾಲ್ಟಿ ಕಾರ್ನರೋ ಸ್ಟ್ರೋಕೋ ಎಂಬ ವಿವರ, ಜೊತೆಗೆ ಯಾರಿಗೆ ಯಾವ ಕಾರ್ಡ್ ಎಂಬುದು ಇರುತ್ತದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಬ್ಯಾಕ್‌ಲೈನ್‌ನಿಂದ ತಳ್ಳಿದವರು ಯಾರು, ವೃತ್ತದ ನೆತ್ತಿಯಲ್ಲಿ ಅದನ್ನು ಸ್ಟಿಕ್ಕಿಗೆ ಅಂಟಿಸಿದಂತೆ ನಿಲ್ಲಿಸಿದವರು ಯಾರು ಎಂಬುದು ಇರುವುದಿಲ್ಲ. ಮೂವರ ಕೈ ತಪ್ಪಿಲ್ಲದೆ ಕೂಡಿದಾಗ ಹುಟ್ಟುವ ಗೋಲು ಒಬ್ಬರ ಖಾತೆಗೆ ಜಮೆಯಾಗುತ್ತದೆ. ಎದುರಿಗೆ ಓಡಿಬಂದು ಆ ಗೋಲನ್ನು ತಡೆದವರಿಗಂತೂ ಖಾತೆಯೇ ಇಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಈ ವಿಷಯದಲ್ಲಿ ನಮಗಿಂತ ಉದಾರಿ. ಅಲ್ಲಿ ಒಂದು ಗೋಲಿಗೆ ಇಬ್ಬರ ತನಕ ಸಹಾಯಕರ ಹೆಸರು ದಾಖಲಾಗುತ್ತದೆ. ಮುನ್ನುಗ್ಗುವ ಸ್ಥಾನದಲ್ಲಿದ್ದೂ ರಕ್ಷಣೆಯಲ್ಲಿ ಮೇಲೆನಿಸಿದ ಆಟಗಾರನಿಗೆಂದೇ ಫ್ರ್ಯಾಂಕ್ ಸೆಲ್ಕಿ ಟ್ರೋಫಿ 1978ರಿಂದ ಇದೆ. ಲೆಕ್ಕ ಇಟ್ಟ ಕೆಲಸಕ್ಕೆ ಗೌರವ ಬರುತ್ತದೆ, ಲೆಕ್ಕಕ್ಕೆ ಸಿಗದ್ದು ನೆನಪಿನ ಕರುಣೆಗೆ ಬೀಳುತ್ತದೆ. ಅಭಿಮಾನಿಯ ಪಟ್ಟಿಗೆ ಏನಾದರೂ ಕೆಲಸವಿದ್ದರೆ ಅದು ಅಂಕಪಟ್ಟಿಯನ್ನೇ ಮತ್ತೊಮ್ಮೆ ನಕಲು ತೆಗೆಯುವುದಲ್ಲ, ಅದರ ಖಾಲಿ ಅಂಕಣಗಳಿಗೆ ಹೆಸರು ಹುಡುಕುವುದು.

ಈಗ ಆ ಖಾಲಿ ಅಂಕಣ ಎಷ್ಟು ದೊಡ್ಡದು ನೋಡಿ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ರಕ್ಷಿಸುವ ತಂಡ ಗೋಲ್‌ಕೀಪರ್ ಸೇರಿ ಐವರನ್ನಷ್ಟೇ ಬ್ಯಾಕ್‌ಲೈನ್ ಹಿಂದೆ ಇಟ್ಟುಕೊಳ್ಳಬಹುದು, ಉಳಿದವರು ಮಧ್ಯರೇಖೆಯಾಚೆ. ಚೆಂಡು ತಳ್ಳಿದ ಕ್ಷಣವೇ ಆ ಐವರಲ್ಲೊಬ್ಬರು ಮುಖವಾಡ, ಕೈಗವಸು, ಮೊಣಕಾಲು ಕವಚ ತೊಟ್ಟು ನೇರವಾಗಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಹೊಡೆತ) ಮಾಡುವವನ ಮೇಲೆಯೇ ಓಡುತ್ತಾರೆ. ಇವರೇ ಫಸ್ಟ್ ರಷರ್. ವೃತ್ತದ ಗೆರೆ ಗೋಲಿನಿಂದ 14.63 ಮೀಟರ್ ದೂರ. ಹೊಡೆತದ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದುಂಟು. ನೇರ ಹೊಡೆತವಾದರೆ ಚೆಂಡು 460 ಮಿಲಿಮೀಟರಿನ ಹಲಗೆಗಿಂತ ಮೇಲೇಳದೆ ಗೋಲುಗೆರೆ ದಾಟಬೇಕು, ಫ್ಲಿಕ್‌ಗೆ ಆ ಮಿತಿಯಿಲ್ಲ. ಎದೆ ಮಟ್ಟಕ್ಕೂ ಬರಬಹುದು. ಅರೆಕ್ಷಣ ಮುಂಚೆ ಓಟ ಕಿತ್ತರೆ ಓಡಿದವರು ಮಧ್ಯರೇಖೆಗೆ ಹೋಗಬೇಕು, ಅವರ ಜಾಗಕ್ಕೆ ಇನ್ನೊಬ್ಬರು ಬರುವಂತಿಲ್ಲ. ತಡವಾದರೆ ಓಡಿದ್ದೇ ವ್ಯರ್ಥ. ಇಷ್ಟರೊಳಗೆ ಅವರು ಗೋಲಿನ ಒಂದು ಬದಿಯನ್ನು ತಮ್ಮ ಮೈ ಮತ್ತು ಸ್ಟಿಕ್ಕಿನಿಂದ ಮುಚ್ಚಿ, ಇನ್ನೊಂದು ಬದಿಯನ್ನು ಕೀಪರ್‌ಗೆ ಬಿಡುತ್ತಾರೆ. 3.66 ಮೀಟರ್ ಅಗಲದ ಗೋಲು ಕೀಪರ್ ಪಾಲಿಗೆ ಕಿರಿದಾಗುವುದು ಹೀಗೆ. ಆದ್ದರಿಂದ ನಾವು ಕೀಪರ್‌ನ ಅದ್ಭುತ ತಡೆ ಎಂದು ಚಪ್ಪಾಳೆ ತಟ್ಟುವ ಎಷ್ಟೋ ತಡೆಗಳು ಇಬ್ಬರ ಜಂಟಿ ಆಸ್ತಿ. ಫ್ಲಿಕ್ ಮಾಡುವವನು ತನಗಿಷ್ಟವಾದ ಮೂಲೆ ಬಿಟ್ಟು ಇನ್ನೊಂದನ್ನು ಆರಿಸುವಂತಾದರೆ ಆ ಕೆಲಸ ಓಡಿದವರದ್ದು. ದಾಖಲೆಯಲ್ಲಿ ಉಳಿಯುವುದು ಕೀಪರ್‌ನ ತಡೆ ಅಥವಾ ಗುರಿ ತಪ್ಪಿದ ಹೊಡೆತ.

ಒಡಿಶಾದ ಸುಂದರ್‌ಗಢ ಜಿಲ್ಲೆಯ ಸೌನಾಮರಾ ಗ್ರಾಮದ ರೋಹಿದಾಸ್ ಹಲವು ವರ್ಷಗಳಿಂದ ಭಾರತಕ್ಕೆ ಈ ಓಟ ಓಡುತ್ತಿದ್ದಾರೆ. 2023ರಲ್ಲಿ ಕೋಚ್ ಆಗಿ ಬಂದ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಮೊದಲು ರಕ್ಷಣೆ, ಅಲ್ಲಿಂದ ಗೆಲುವು ಎಂಬ ಲೆಕ್ಕಾಚಾರ ತಂದಾಗ ಈ ಕೆಲಸದ ಬೆಲೆ ಏರಿತು. ಪ್ಯಾರಿಸ್‌ನಲ್ಲಿ ಭಾರತದ ಗೆಲುವುಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ನ್ಯೂಜಿಲೆಂಡ್ ವಿರುದ್ಧ 3–2, ಐರ್ಲೆಂಡ್ ವಿರುದ್ಧ 2–0, ಆಸ್ಟ್ರೇಲಿಯಾ ವಿರುದ್ಧ 3–2, ಕಂಚಿನ ಪಂದ್ಯದಲ್ಲಿ ಸ್ಪೇನ್ ವಿರುದ್ಧ 2–1. ಐರ್ಲೆಂಡ್ ಬಿಟ್ಟರೆ ಎಲ್ಲವೂ ಒಂದೇ ಗೋಲಿನ ಅಂತರ. ಗ್ರೇಟ್ ಬ್ರಿಟನ್ ಜೊತೆ 1–1, ಆಮೇಲೆ ಶೂಟೌಟ್. ಇಂಥ ತಂಡ ಎದುರಾಳಿಯ ಒಂದು ಪೆನಾಲ್ಟಿ ಕಾರ್ನರ್ ತಡೆಯುವುದಕ್ಕೂ ತಾನೊಂದು ಗೋಲು ಹೊಡೆಯುವುದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವೇ ಇಲ್ಲ. ಪದಕದ ಪಟ್ಟಿಯ ಮಟ್ಟಿಗೆ ಎರಡೂ ಒಂದೇ ತೂಕ. ಮೆಚ್ಚುಗೆಯ ಮಟ್ಟಿಗೆ ಮಾತ್ರ ಅಲ್ಲ. ಇನ್ನು ಸೆಮಿಫೈನಲ್. ಒಂದು ಪಂದ್ಯದ ನಿಷೇಧದಿಂದ ರೋಹಿದಾಸ್ ಹೊರಗಿದ್ದರು, ಹಾಕಿ ಇಂಡಿಯಾದ ಮೇಲ್ಮನವಿ ತಿರಸ್ಕೃತವಾಗಿ ಭಾರತ ಹದಿನೈದು ಮಂದಿಯ ಪಡೆಯೊಂದಿಗೆ ಇಳಿದಿತ್ತು. ಏಳನೆಯ ನಿಮಿಷದಲ್ಲೇ ಮುನ್ನಡೆ ಸಿಕ್ಕರೂ ಹದಿನೆಂಟನೆಯ ನಿಮಿಷದಲ್ಲಿ ಜರ್ಮನಿಯ ಗೊಂಜಾಲೊ ಪಿಯಾಟ್ ಪೆನಾಲ್ಟಿ ಕಾರ್ನರ್‌ನಲ್ಲಿ ಸಮ ಮಾಡಿದರು. ಪಿಯಾಟ್ ಸಾಮಾನ್ಯರಲ್ಲ, 2016ರಲ್ಲಿ ಅರ್ಜೆಂಟೀನಾ ಪರ 11 ಗೋಲು ಹೊಡೆದು ಒಲಿಂಪಿಕ್ಸ್ ಚಿನ್ನ ಗೆದ್ದವರು. ಅಂಥವರ ಎದುರು ಅನುಭವಿ ಓಟಗಾರ ಇಲ್ಲದ ದಿನ ಭಾರತ 2–3ರಿಂದ ಸೋತಿತು.

ಇದರ ಮೇಲೆ ಬರಬಹುದಾದ ಮೊದಲ ಆಕ್ಷೇಪ ತೂಕದ್ದೇ. ಹಾಗೆ ತಂಡವನ್ನು ಕೊರತೆಗೆ ದೂಡಿದ್ದು ಅವರದೇ ರೆಡ್ ಕಾರ್ಡ್ ಅಲ್ಲವೇ? ಆಗಸ್ಟ್ 4ರ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಅವರ ಸ್ಟಿಕ್ ಬ್ರಿಟನ್ನಿನ ವಿಲ್ ಕ್ಯಾಲ್ನನ್ ತಲೆಗೆ ತಾಗಿತು. ಉದ್ದೇಶಪೂರ್ವಕವೋ ಅಲ್ಲವೋ ಎಂಬ ಜಗಳ ಆವತ್ತಿನಿಂದ ನಡೆದಿದೆ. ತೀರ್ಪು ಕಠಿಣವಾಯಿತೆಂದು ನನಗನ್ನಿಸಿದರೂ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸುವುದಿಲ್ಲ. ಸ್ಟಿಕ್ ಹಿಡಿದವರೇ ಸ್ಟಿಕ್ಕಿಗೆ ಹೊಣೆ. ತಪ್ಪು ಎಂದೇ ಇಟ್ಟುಕೊಳ್ಳೋಣ. ಎಂಟು ಪಂದ್ಯಗಳ ಕೂಟದ, ಅದಕ್ಕೂ ಹಿಂದೆ–ಮುಂದೆ ಚಾಚಿದ ಇಡೀ ವರ್ಷದ ಬೆಲೆಯನ್ನು ಒಂದು ನಿಮಿಷದ ತಪ್ಪು ಅಳಿಸಬೇಕು ಎಂಬ ನಿಯಮವನ್ನು ನಾವು ಪೆನಾಲ್ಟಿ ಕಾರ್ನರ್ ಹಾಳುಮಾಡಿದ ಫ್ಲಿಕ್ಕರ್‌ಗೆ ಅನ್ವಯಿಸುತ್ತೇವೆಯೇ? ಇಲ್ಲ. ಅವರ ಹತ್ತು ಯಶಸ್ಸು ನೆನಪಿಟ್ಟು ಉಳಿದದ್ದನ್ನು ಮರೆಯುತ್ತೇವೆ. ಡಿಫೆಂಡರ್ ವಿಷಯದಲ್ಲಿ ಲೆಕ್ಕ ತಿರುವುಮುರುವು: ನೂರು ತಡೆ ಮರೆತು ಒಂದು ಕಾರ್ಡ್ ನೆನಪಿಡುತ್ತೇವೆ, ಯಾಕೆಂದರೆ ಅಂಕಪಟ್ಟಿಯಲ್ಲಿ ಅವರ ಹೆಸರು ಬರುವುದೇ ಕಾರ್ಡ್ ಸಿಕ್ಕಾಗ.

ಎರಡನೆಯ ಆಕ್ಷೇಪ ಇದಕ್ಕಿಂತ ಚುರುಕಾದದ್ದು. ಅವರು ಅಷ್ಟು ಅನಿವಾರ್ಯವಾಗಿದ್ದರೆ, ಅವರಿಲ್ಲದೆ ಹತ್ತೇ ಜನ 43 ನಿಮಿಷ ಬ್ರಿಟನ್ನನ್ನು ತಡೆದು ನಿಂತದ್ದು ಹೇಗೆ? ಒಪ್ಪಬೇಕಾದ ಮಾತು. ಆ 43 ನಿಮಿಷದಲ್ಲಿ ಭಾರತ ಬಿಟ್ಟುಕೊಟ್ಟದ್ದು ಲೀ ಮಾರ್ಟನ್ ಹೊಡೆದ ಒಂದೇ ಗೋಲು. ಮನ್‌ಪ್ರೀತ್ ಸಿಂಗ್ ಮಧ್ಯದಿಂದ ಹಿಂದಕ್ಕೆ ಸರಿದು ಖಾಲಿ ಜಾಗ ತುಂಬಿದರು, ಸಂಜಯ್, ಜರ್ಮನ್‌ಪ್ರೀತ್, ಸುಮಿತ್ ಉಸಿರುಗಟ್ಟಿ ಆಡಿದರು. ಸೆಮಿಫೈನಲ್ ಸೋಲಿಗೂ ಒಬ್ಬರ ಗೈರುಹಾಜರಿಯನ್ನೇ ಪೂರ್ತಿ ಕಾರಣ ಮಾಡಲಾಗದು. ರೋಹಿದಾಸ್ ಇದ್ದಿದ್ದರೂ ಪಿಯಾಟ್ ಗೋಲು ಹೊಡೆದಿರಬಹುದಿತ್ತು, ಜರ್ಮನಿಯ ಉಳಿದೆರಡು ಗೋಲು ಬೇರೆ ದಾರಿಯಲ್ಲಿ ಬಂದವು. ಒಂದು ಪಂದ್ಯದಿಂದ ಏನನ್ನೂ ಸಾಧಿಸಲಾಗುವುದಿಲ್ಲ. ಆದರೆ ಈ ಆಕ್ಷೇಪ ನನ್ನ ಮುಖ್ಯ ಮಾತನ್ನು ಕೆಡವುವುದಿಲ್ಲ, ಅದನ್ನು ಅಗಲಿಸುತ್ತದೆ. ಪ್ಯಾರಿಸ್ ಕಂಚು ರಕ್ಷಣೆಯ ಕಂಚು. ಆ ರಕ್ಷಣೆ ಒಬ್ಬರದ್ದಲ್ಲ. ಹಾಗಿದ್ದೂ ಪ್ರಶಸ್ತಿಗೆ ಒಂದು ಹೆಸರು ಬೇಕು. ಗೋಲುಗಳ ವಿಷಯದಲ್ಲೂ ನಾವು ತಳ್ಳಿದವರು, ನಿಲ್ಲಿಸಿದವರು ಇಬ್ಬರನ್ನೂ ಬಿಟ್ಟು ಒಬ್ಬರಿಗೇ ಹಾರ ಹಾಕುತ್ತೇವಲ್ಲ. ರಕ್ಷಣೆಯಲ್ಲಿ ಅತಿ ಅಪಾಯದ ಕೆಲಸ ಯಾರದೋ ಆ ಹೆಸರನ್ನು ಮುಂದಿಡುವುದು ಅದಕ್ಕಿಂತ ಹೆಚ್ಚಿನ ಅನ್ಯಾಯವೇನಲ್ಲ.

ಹಾಗಾದರೆ ಶ್ರೀಜೇಶ್ ಯಾಕಲ್ಲ? ರಕ್ಷಣೆಯ ಮಾತೇ ಆದರೆ ಮೊದಲ ಹಕ್ಕು ಗೋಲ್‌ಕೀಪರ್‌ದು. ಬ್ರಿಟನ್ ವಿರುದ್ಧ ನಿಗದಿತ ಅವಧಿಯಲ್ಲಿ ಅವರು ಆಡಿದ ಆಟ, ಶೂಟೌಟ್‌ನಲ್ಲಿ ಫಿಲ್ ರೋಪರ್ ಅವರನ್ನು ತಡೆದ ರೀತಿ, 4–2ರ ಗೆಲುವು. ಇವೆಲ್ಲ ಹಾಕಿ ಇರುವ ತನಕ ಹೇಳುವಂಥವು. ಕಂಚಿನ ಪಂದ್ಯವೇ ತನ್ನ ಕೊನೆಯದು ಎಂದು ಮೊದಲೇ ಸಾರಿ ಆಡಿದವರು ಅವರು. ಒಪ್ಪುತ್ತೇನೆ, ಪ್ಯಾರಿಸ್‌ನ ಆಟಗಾರ ಎಂಬ ಪ್ರಶಸ್ತಿಯಾಗಿದ್ದರೆ ನನ್ನ ಕೈಯೂ ಅವರ ಹೆಸರನ್ನೇ ಬರೆಯುತ್ತಿತ್ತು. ಆದರೆ ವರ್ಷ ಆಗಸ್ಟ್‌ಗೆ ಮುಗಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಚೀನಾದ ಹುಲುನ್‌ಬುಯಿರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ನಡೆಯಿತು. ಶ್ರೀಜೇಶ್ ಇಲ್ಲದ ಭಾರತ ಏಳು ಪಂದ್ಯಗಳಲ್ಲಿ 26 ಗೋಲು ಹೊಡೆದು ಐದೇ ಐದು ಬಿಟ್ಟುಕೊಟ್ಟಿತು. ಎದುರಾಳಿಗಳು ಬೆಲ್ಜಿಯಂ, ಜರ್ಮನಿಯ ಮಟ್ಟದವರಲ್ಲ ನಿಜ. ಆದರೂ ಕೀಪರ್ ಬದಲಾದರೂ ಗೋಡೆ ಬೀಳಲಿಲ್ಲವೆಂಬುದು ಗೋಡೆಯ ಬಗ್ಗೆ ಏನನ್ನೋ ಹೇಳುತ್ತದೆ. ಇದಕ್ಕೆ ಎದುರು ಸಾಕ್ಷಿಯೂ ಇದೆ, ಅಡಗಿಸಬಾರದು: ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಜರ್ಮನಿ ವಿರುದ್ಧದ ಎರಡು ಪಂದ್ಯಗಳ ಸರಣಿ ಸಮವಾದಾಗ ಶೂಟೌಟ್‌ನಲ್ಲಿ ಭಾರತ 1–3ರಿಂದ ಸೋತಿತು. ಎಂಟು ಸೆಕೆಂಡಿನ ಆ ಒಂಟಿ ಕಾಳಗದಲ್ಲಿ ಮುಂದೆ ಓಡುವವರು ಯಾರೂ ಇರುವುದಿಲ್ಲ. ಅಲ್ಲಿ ಶ್ರೀಜೇಶ್ ಜಾಗ ಖಾಲಿಯಾಗಿರುವುದು ಕಣ್ಣಿಗೆ ಹೊಡೆಯಿತು. ಅವರ ಹಿಂದೆ ವರ್ಷಗಟ್ಟಲೆ ಕಾದು ಕೂತಿದ್ದ ಕೃಷನ್ ಬಹಾದ್ದೂರ್ ಪಾಠಕ್, ಜೊತೆಗೆ ಸೂರಜ್ ಕರ್ಕೇರಾ ಇನ್ನು ಆ ಪರೀಕ್ಷೆ ಬರೆಯಬೇಕಾದವರು.

ಹರ್ಮನ್‌ಪ್ರೀತ್ ವಿಷಯದಲ್ಲಿ ನನ್ನ ಪಟ್ಟಿಗೆ ಉತ್ತರ ಕೊಡುವುದು ಇನ್ನೂ ಕಷ್ಟ. ಪ್ಯಾರಿಸ್‌ನ 15ರಲ್ಲಿ 10 ಗೋಲು ಅವರದು. ಕೂಟದಲ್ಲೇ ಅತಿ ಹೆಚ್ಚು. ಬೆಲ್ಜಿಯಂ ವಿರುದ್ಧ ಬಿಟ್ಟು ಉಳಿದ ಏಳೂ ಪಂದ್ಯಗಳಲ್ಲಿ ಹೊಡೆದರು. ಅವರನ್ನು ತೆಗೆದುಹಾಕಿದರೆ ಪದಕ ಉಳಿಯುವುದಿಲ್ಲ ಎಂಬುದು ಕೂಡಿಸಿ ಕಳೆಯಲು ಬರುವ ಯಾರಿಗೂ ಗೊತ್ತಾಗುತ್ತದೆ. ಕೊಡಗಿನ ವಿ.ಆರ್. ರಘುನಾಥ್ ಡ್ರ್ಯಾಗ್ ಫ್ಲಿಕ್ ನೋಡಿ ಬೆಳೆದ ಕನ್ನಡದ ಹಾಕಿ ಪ್ರೇಮಿಗಳಿಗೆ ಆ ಕಲೆಯ ಬೆಲೆ ವಿವರಿಸಬೇಕಿಲ್ಲ. ಆದರೆ ಆ ಹತ್ತು ಗೋಲುಗಳಿಂದ ಹರ್ಮನ್‌ಪ್ರೀತ್‌ಗೂ ಒಂದು ನಷ್ಟ ಆಗಿದೆ. ಅವರು ಮೂಲತಃ ಫುಲ್‌ಬ್ಯಾಕ್ ಎಂಬುದನ್ನೇ ಜನ ಮರೆತಿದ್ದಾರೆ. ಅವರ ಹತ್ತೂ ಗೋಲು ಪೆನಾಲ್ಟಿ ಕಾರ್ನರ್ ಮತ್ತು ಸ್ಟ್ರೋಕ್‌ಗಳಿಂದ ಬಂದವು, ಅಂದರೆ ಆಟ ನಿಂತಾಗ. ಆಟ ನಡೆಯುತ್ತಿದ್ದ ಉಳಿದ ಹೊತ್ತಿನಲ್ಲಿ ಹಿಂದಿನಿಂದ ಉದ್ದ ಪಾಸ್ ಎತ್ತಿ ಕೊಡುತ್ತ, ಎದುರಾಳಿಯನ್ನು ಅಡ್ಡಗಟ್ಟುತ್ತ ಅವರು ಮಾಡಿದ್ದು ಯಾವ ಪ್ರಶಸ್ತಿ ಪತ್ರದಲ್ಲೂ ಇಲ್ಲ. ಹುಲುನ್‌ಬುಯಿರ್ ಫೈನಲ್‌ನ ಏಕೈಕ ಗೋಲು ನೋಡಿ. ಆತಿಥೇಯ ಚೀನಾ ಬಾಗಿಲು ಹಾಕಿಕೊಂಡು ಕೂತಿತ್ತು. 51ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ತಾವೇ ವೃತ್ತದೊಳಗೆ ನುಗ್ಗಿ ಚೆಂಡನ್ನು ಇನ್ನೊಬ್ಬ ಡಿಫೆಂಡರ್ ಜುಗರಾಜ್ ಸಿಂಗ್‌ಗೆ ಕೊಟ್ಟರು, ಜುಗರಾಜ್ ಫೀಲ್ಡ್ ಗೋಲು ಹೊಡೆದರು. ಇಬ್ಬರು ಕಾರ್ನರ್ ಪರಿಣತರು ಕಾರ್ನರ್ ಇಲ್ಲದೆ ಗೆಲ್ಲಿಸಿದ ಟ್ರೋಫಿ. ಅಧಿಕೃತ ಪಟ್ಟಿಯಲ್ಲಿ ಅದು ಜುಗರಾಜ್ ಗೋಲು. ನನ್ನ ಪಟ್ಟಿಯಲ್ಲಿ ವರ್ಷದ ಪಾಸ್ ಎಂಬ ಬಹುಮಾನ ಹರ್ಮನ್‌ಪ್ರೀತ್‌ಗೆ. ಹತ್ತು ಗೋಲಿನ ನಾಯಕನಿಗೆ ಇದೊಂದೇ ಕೊಡುವುದು ಜಿಪುಣತನವೆಂದರೆ, ಉಳಿದದ್ದೆಲ್ಲ ಅವರ ಮನೆ ಕಪಾಟಿನಲ್ಲಿ ಆಗಲೇ ಇದೆ.

ಸಣ್ಣ ಬಹುಮಾನಗಳನ್ನು ಬೇಗ ಹಂಚಿಬಿಡುತ್ತೇನೆ. ಪ್ಯಾರಿಸ್‌ಗೆ ಮೀಸಲು ಆಟಗಾರನಾಗಿ ಹೋಗಿ, ಆರು ವಾರದೊಳಗೆ ಏಷ್ಯನ್ ಟ್ರೋಫಿ ಗೆಲ್ಲಿಸಿದ ಜುಗರಾಜ್‌ಗೆ ತಾಳ್ಮೆಯ ಪ್ರಶಸ್ತಿ. ಒಲಿಂಪಿಕ್ಸ್‌ಗೆ ಹೊಸಬರಾಗಿದ್ದ ಐವರಲ್ಲೊಬ್ಬರು, ಬ್ರಿಟನ್ ವಿರುದ್ಧದ ಶೂಟೌಟ್‌ನಲ್ಲಿ ನಿರ್ಣಾಯಕ ಗೋಲು ಹೊಡೆದವರು, ಮುಂದಿನ ತಿಂಗಳು ಮಲೇಷ್ಯಾ ವಿರುದ್ಧ ಹ್ಯಾಟ್ರಿಕ್ ಬಾರಿಸಿದವರು ರಾಜ್‌ಕುಮಾರ್ ಪಾಲ್. ವರ್ಷದ ಬೆಳೆ ಅವರದು. ಮಿಡ್‌ಫೀಲ್ಡ್‌ನಲ್ಲಿ ಹಾರ್ದಿಕ್ ಸಿಂಗ್ ಬಗ್ಗೆ ಅಧಿಕೃತ ತೀರ್ಪಿಗೆ ನನ್ನ ತಕರಾರಿಲ್ಲ. ವರ್ಷದ ಪಂದ್ಯ ಆಸ್ಟ್ರೇಲಿಯಾ ವಿರುದ್ಧದ 3–2. 1972ರ ಮ್ಯೂನಿಕ್ ನಂತರ ಒಲಿಂಪಿಕ್ಸ್‌ನಲ್ಲಿ ಅವರ ಮೇಲೆ ಸಿಕ್ಕ ಮೊದಲ ಗೆಲುವದು, ಅದೂ ಏಪ್ರಿಲ್‌ನಲ್ಲಿ ಪರ್ತ್‌ಗೆ ಹೋಗಿ ಐದಕ್ಕೆ ಐದೂ ಸೋತು ಬಂದ ತಂಡದಿಂದ. ಆ ಐದು ಸೋಲುಗಳೇ ಕೊನೆಗೆ ಈ ಗೆಲುವು ತಂದವು ಎಂದು ಹೇಳುವವರಿದ್ದಾರೆ; ಸೋಲನ್ನು ಹಾಗೆ ಹಿಂದಿನಿಂದ ಚಿನ್ನದ ನೀರಲ್ಲಿ ಅದ್ದುವುದು ನನಗೆ ಒಗ್ಗುವುದಿಲ್ಲ.

ಉಳಿದದ್ದು ಫಾರ್ವರ್ಡ್ ಪ್ರಶಸ್ತಿ. ಇಲ್ಲಿ ನನ್ನ ವಾದವೇ ನನ್ನ ಕೈ ಕಟ್ಟುತ್ತದೆ. ಪ್ಯಾರಿಸ್‌ನಲ್ಲಿ ಐವರು ಫಾರ್ವರ್ಡ್‌ಗಳು ಸೇರಿ ಹೊಡೆದದ್ದು ನಾಲ್ಕೇ ಗೋಲು: ಅಭಿಷೇಕ್ ಎರಡು, ಮನ್‌ದೀಪ್ ಒಂದು, ಸುಖ್‌ಜೀತ್ ಒಂದು. ಸುಖ್‌ಜೀತ್ ಅವರದೂ ಸೆಮಿಫೈನಲ್‌ನಲ್ಲಿ ನಾಯಕನ ಕಾರ್ನರ್ ಹೊಡೆತಕ್ಕೆ ಸ್ಟಿಕ್ ತಾಗಿಸಿ ದಿಕ್ಕು ತಿರುಗಿಸಿದ್ದು. ಇಷ್ಟು ಕಡಿಮೆಗೆ ಬಹುಮಾನವೇ ಬೇಡ ಎಂದುಬಿಡುವ ಆಸೆ ಹುಟ್ಟುತ್ತದೆ. ಆದರೆ ಗೋಲಿನ ಲೆಕ್ಕವೇ ಯೋಗ್ಯತೆಯ ಲೆಕ್ಕವಲ್ಲ ಎಂದು ಇಲ್ಲಿಯ ತನಕ ಹೇಳಿ, ಫಾರ್ವರ್ಡ್‌ಗಳ ಮುಂದೆ ಮಾತ್ರ ಗೋಲಿನ ತಕ್ಕಡಿ ಹಿಡಿದರೆ ನಾನೇ ನನ್ನ ಮಾತಿಗೆ ತಪ್ಪಿದಂತೆ. ನಾಯಕನ ಏಳು ಕಾರ್ನರ್ ಗೋಲುಗಳಿಗೂ ಮೊದಲು ಯಾರೋ ಒಬ್ಬರು ವೃತ್ತಕ್ಕೆ ನುಗ್ಗಿ ಎದುರಾಳಿಯ ಕಾಲಿಗೆ ಚೆಂಡು ತಾಗಿಸಬೇಕಿತ್ತು, ಇಲ್ಲವೇ ಫೌಲ್ ಮಾಡಿಸಿಕೊಳ್ಳಬೇಕಿತ್ತು. ಫುಲ್ಟನ್ ತಂತ್ರದಲ್ಲಿ ಮುಂದಾಳುಗಳ ಮೊದಲ ಕೆಲಸ ಚೆಂಡು ಕಳೆದ ಕೂಡಲೇ ಬೆನ್ನಟ್ಟುವುದು. ಈ ಅಳತೆಯಲ್ಲಿ ಸುಖ್‌ಜೀತ್, ಅಭಿಷೇಕ್ ಇಬ್ಬರೂ ನಿಲ್ಲುತ್ತಾರೆ. ಅಭಿಷೇಕ್ ಅವರ ಎರಡು ಗೋಲು ಬಂದದ್ದು ಬೆಲ್ಜಿಯಂ ಮತ್ತು ಆಸ್ಟ್ರೇಲಿಯಾ ವಿರುದ್ಧ, ಆಟ ನಡೆಯುತ್ತಿದ್ದಾಗಲೇ, ಯಾರೂ ಸುಲಭಕ್ಕೆ ಜಾಗ ಬಿಡದ ಪಂದ್ಯಗಳಲ್ಲಿ. ಪ್ರಶಸ್ತಿ ಅವರಿಗಿರಲಿ. ದೆಹಲಿಯ ಎರಡನೇ ಪಂದ್ಯದಲ್ಲಿ ಭಾರತ ಜರ್ಮನಿಯನ್ನು 5–3ರಿಂದ ಮಣಿಸಿದಾಗ ಸುಖ್‌ಜೀತ್ ಎರಡು, ಅಭಿಷೇಕ್ ಒಂದು ಹೊಡೆದರು. ಮುಂದಾಳುಗಳು ಮೂರು ಹೊಡೆದ ದಿನ ಹಿಂದಿನವರು ಮೂರು ಬಿಟ್ಟುಕೊಟ್ಟರು ಎಂಬುದನ್ನೂ ಗಮನಿಸಬೇಕು. ಎರಡು ತುದಿಯ ಲೆಕ್ಕವೂ ಒಟ್ಟಿಗೆ ಸರಿಹೋಗುವ ತಂಡವನ್ನು ಫುಲ್ಟನ್ ಇನ್ನೂ ಕಟ್ಟಬೇಕಿದೆ.